ಚನ್ನಕೇಶವನ ಸುರಕ್ಷಾ ಕವಚ

ಚನ್ನಕೇಶವನ ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ, ಪ್ರೆಸ್ಸಿಗೆ ತರಿಸಿದ ಕಾಗದ ಮತ್ತು ಇಂಕಿನ ಲೆಕ್ಕದ ಕೆಳಗೆ, ಕರೆಯದೆ ಮದುವೆಗೆ ಬಂದು ಮೊದಲ ಪಂಕ್ತಿಯಲ್ಲೇ ಕೂತ ನೆಂಟನ ಹಾಗೆ ಒಂದು ಸಾಲು ಕೂತಿತ್ತು: ‘ಪಾವತಿ ಸುರಕ್ಷಾ ಕವಚ, ಗೋಲ್ಡ್. ರೂ. 649.’

ಮೂಡಲಪಾಳ್ಯದಲ್ಲಿ ಅವನು ಮದುವೆ ಪತ್ರಿಕೆಗಳನ್ನು ಅಚ್ಚು ಹಾಕುತ್ತ ಇಪ್ಪತ್ತೆರಡು ವರ್ಷವಾಗಿತ್ತು. ವಧುವಿನ ಸೋದರತ್ತೆಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಅಂಥ ಕಣ್ಣು ಆ ಸಾಲನ್ನು ಮೂರು ಸಲ ಓದಿತು. ಹಿಂದಿನ ಬಿಲ್ಲುಗಳನ್ನೂ ತೆಗೆದು ನೋಡಿದ. ನಾಲ್ಕು ತಿಂಗಳಿಂದ ಆ ಸಾಲು ಅಲ್ಲೇ ಇತ್ತು.

ಪಕ್ಕದ ಮೊಬೈಲ್ ಅಂಗಡಿಯ ಸಂಪತ್ ಒಳಗೆ ಬಂದ. ಬೇರೆಯವರ ಕಷ್ಟದ ವಾಸನೆ ಅವನಿಗೆ ಗೋಡೆಯಾಚೆಯಿಂದಲೇ ಹತ್ತುತ್ತಿತ್ತು.

“ಕೇಶವಣ್ಣ, ಇದು ಇನ್ಶೂರೆನ್ಸು. ನಿಂಗೇನಾದ್ರೂ ಆದ್ರೆ ಕಾರ್ಡಿನ ಬಾಕಿ ಅವ್ರು ಕಟ್ತಾರೆ.”

“ನಾನ್ ಕೇಳೇ ಇಲ್ಲವಲ್ಲೋ.”

“ಕೇಳದೇ ಇರೋರಿಗೇ ಅವ್ರು ಕೊಡೋದು. ಫೋನ್ ಮಾಡು ಗುರು, ಸ್ಪೀಕರ್ ಹಾಕು.”

ಫೋನಿನಲ್ಲಿ ಮೊದಲು ಒಂದು ಯಂತ್ರ ಮಾತಾಡಿತು. ಒಂದು ಒತ್ತು ಅಂದಿತು, ನಾಲ್ಕು ಒತ್ತು ಅಂದಿತು, ಜನ್ಮದಿನಾಂಕ ಒತ್ತು ಅಂದಿತು. ಆಮೇಲೆ ಇಪ್ಪತ್ತು ನಿಮಿಷ ಕೊಳಲು ಕೇಳಿಸಿತು. ಕೊನೆಗೆ ಜೇನು ಸುರಿದ ಹಾಗೆ ಒಂದು ಹೆಣ್ಣು ದನಿ ಬಂತು.

“ಸರ್, ಇದಕ್ಕೆ ನೀವೇ ಒಪ್ಪಿಗೆ ಕೊಟ್ಟಿದೀರಿ. ನಿಮ್ಮ ಧ್ವನಿ ನಮ್ಮತ್ರ ಇದೆ.”

“ಎಲ್ಲಿದೆ ಮೇಡಂ?”

“ಮುಂಬೈನಲ್ಲಿ, ಸರ್. ಕ್ಯಾನ್ಸಲ್ ಮಾಡ್ಬೇಕು ಅಂದ್ರೆ ಬ್ರ್ಯಾಂಚಿಗೆ ಹೋಗಿ.”

ಚನ್ನಕೇಶವ ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡಿದ. ಅವನು ಹುಬ್ಬಳ್ಳಿಯಿಂದಾಚೆ ಕಾಲಿಟ್ಟವನಲ್ಲ. ಅವನಿಗೆ ಹೇಳದೆ ಅವನ ದನಿ ಮುಂಬೈಗೆ ಹೋಗಿ, ಯಾವುದೋ ತಣ್ಣನೆಯ ಕೋಣೆಯಲ್ಲಿ ನಾಲ್ಕು ತಿಂಗಳಿಂದ ವಾಸವಾಗಿತ್ತು. ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೆರಗು.

ಹನ್ನೊಂದು ಗಂಟೆಗೆ ಅವನು ವಿಜಯನಗರದ ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತಿದ್ದ. ಪಕ್ಕದಲ್ಲಿ ಸಂಪತ್ತೂ ಇದ್ದ. ಅಂಗಡಿಗೆ ಬೀಗ ಹಾಕಿಕೊಂಡು ಬಂದಿದ್ದ.

ಕೌಂಟರಿನಲ್ಲಿದ್ದ ಬಿಂದುಶ್ರೀಗೆ ಇಪ್ಪತ್ತೈದು ವರ್ಷ ದಾಟಿರಲಿಲ್ಲ. ಚನ್ನಕೇಶವ ಹೇಳಿದ್ದನ್ನೆಲ್ಲ ಅವಳು ತಲೆಯಾಡಿಸುತ್ತ ಕೇಳಿದಳು. ತನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಮನೆಯಲ್ಲೂ ಯಾರೂ ಕೇಳಿಲ್ಲ ಅನಿಸಿತು ಅವನಿಗೆ.

“ಸರ್, ಕ್ಯಾನ್ಸಲ್ ಮಾಡೋಣ. ಅದಕ್ಕೆ ಮುಂಚೆ ಇದ್ರಿಂದ ಏನು ಉಪಯೋಗ ಅಂತ ಹೇಳ್ಬೇಕು, ರೂಲ್ಸ್ ಇದೆ. ನಿಮ್ಮನ್ನ ಕೆಲಸದಿಂದ ತೆಗೆದ್ರೆ ಮೂರು ತಿಂಗಳು ಬಾಕಿ ನಾವೇ ಕಟ್ತೀವಿ.”

“ನನ್ನನ್ಯಾರು ತೆಗೀತಾರಮ್ಮ? ಪ್ರೆಸ್ಸಿಗೆ ನಾನೇ ಓನರು.”

ಬಿಂದುಶ್ರೀ ಕಂಪ್ಯೂಟರ್ ನೋಡಿದಳು. “ಹಾಗಾದ್ರೆ ನೀವೇ ನಿಮ್ಮನ್ನ ತೆಗೀಬೇಕಾಗುತ್ತೆ ಸರ್. ಲೆಟರ್‌ಹೆಡ್ಡಲ್ಲಿ ಒಂದು ಪತ್ರ ಕೊಟ್ಟು, ಅದನ್ನ ನೀವೇ ತಗೊಂಡೆ ಅಂತ ಸೈನ್ ಮಾಡಿದ್ರೆ…”

ತಾನು ಮೇಜಿನ ಈಚೆ ನಿಂತು, ಮೇಜಿನಾಚೆ ಕೂತ ತನ್ನ ಮುಂದೆಯೇ ಕೈಕಟ್ಟಿ, ‘ಮಕ್ಕಳೊಂದಿಗ ಸಾರ್, ಕೆಲಸದಿಂದ ತೆಗೀಬೇಡಿ’ ಅನ್ನುವ ಚಿತ್ರ ಚನ್ನಕೇಶವನ ಕಣ್ಮುಂದೆ ಬಂತು. ಇಂಥದ್ದನ್ನು ಯೋಚಿಸಿದ ತಲೆ ಎಂಥದ್ದಿರಬೇಕು ಎಂದು ಅವನು ಬಾಯಿ ತೆರೆದು ಕೂತ.

ಸಂಪತ್ ಅವನ ಪಕ್ಕೆ ತಿವಿದ. “ನೀನು ಹಿಂಗೆ ಕೂತ್ರೆ ಇನ್ನೊಂದು ತಗೊಂಡೇ ಏಳ್ತೀಯ. ತಡಿ, ಮುನಿತಾಯಮ್ಮೋರನ್ನ ಕರ್ಕೊಂಡ್ ಬರ್ತೀನಿ.”

ಮುನಿತಾಯಮ್ಮ ಅವರಿಬ್ಬರ ಅಂಗಡಿಗಳ ಒಡತಿ. ಮೂಡಲಪಾಳ್ಯ ಇನ್ನೂ ಹಳ್ಳಿಯಾಗಿದ್ದಾಗ ಅವರ ಮನೆಯವರು ರಾಗಿ ಬೆಳೆದ ಜಾಗದಲ್ಲಿ ಈಗ ಹನ್ನೆರಡು ಮಳಿಗೆ, ಎಂಟು ಮನೆ ಎದ್ದಿದ್ದವು. ಎಪ್ಪತ್ತೊಂದು ವರ್ಷದ ಮುದುಕಿ. ಸೈಟು ಮಾರಿದ ಹಣ ಇದೇ ಬ್ಯಾಂಕಿನಲ್ಲಿತ್ತು. ಬಾಡಿಗೆ ಎರಡು ದಿನ ತಡವಾದರೆ ಮಳಿಗೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಬೈಯುತ್ತಿರಲಿಲ್ಲ. ಸುಮ್ಮನೆ ಎಲೆ ಅಡಿಕೆ ಹಾಕುತ್ತ ಕೂರುತ್ತಿದ್ದರು, ಗಿರಾಕಿಗಳು ತಾವಾಗಿಯೇ ವಾಪಸ್ಸು ಹೋಗುತ್ತಿದ್ದರು.

ಅರ್ಧ ಗಂಟೆಯಲ್ಲಿ ಆಟೋ ಬಂತು. ಮುನಿತಾಯಮ್ಮ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ಗಾಜಿನ ಕೋಣೆಯಿಂದ ಮ್ಯಾನೇಜರ್ ಸುಧೀಂದ್ರ ಎದ್ದು ಓಡಿ ಬಂದರು. ಸೆಕ್ಯೂರಿಟಿಯವನು ಕುರ್ಚಿ ತಂದ. ಟೋಕನ್ ತೋರಿಸುವ ಫಲಕ ಕೂಡ ಒಂದು ಕ್ಷಣ ನಿಂತ ಹಾಗೆ ಚನ್ನಕೇಶವನಿಗೆ ಕಂಡಿತು.

“ಏನಪ್ಪಾ ಸುದೀಂದ್ರ, ನಮ್ ಉಡ್ಗನ್ ದುಡ್ಡು ಕೇಳ್ದೆ ಕಿತ್ಕಂತಿದೀರಂತೆ?” ಅಂದರು ಮುನಿತಾಯಮ್ಮ.

“ಛೆ ಛೆ, ಕೇಳಿನೇ ಅಮ್ಮ. ರೆಕಾರ್ಡಿಂಗ್ ಇದೆ.”

“ಆಕು, ನಾನೂ ಕೇಳ್ತೀನಿ.”

ಮ್ಯಾನೇಜರ್ ಎಲ್ಲೆಲ್ಲಿಗೋ ಫೋನ್ ಮಾಡಿದರು. ಕಡೆಗೆ ಬಿಂದುಶ್ರೀಯ ಕಂಪ್ಯೂಟರಿನಿಂದ, ಇಡೀ ಬ್ಯಾಂಕಿಗೆ ಕೇಳುವಂತೆ, ಆ ಜೇನುದನಿ ಹೊರಟಿತು. “ಸರ್, ಸಿಲ್ವರ್ ಪ್ಲಾನ್ ಇದೆ, ಗೋಲ್ಡ್ ಪ್ಲಾನ್ ಇದೆ. ಯಾವುದು ಮಾಡ್ಲಿ?”

ಹಿಂದೆ ಪ್ರೆಸ್ಸಿನ ಸದ್ದು. ಅದರ ಮೇಲೆ ಚನ್ನಕೇಶವನ ತುಂಬು ಕಂಠ: “ಗೋಲ್ಡೇ ಹಾಕ್ಸಿಬಿಡೋಣ ಮೇಡಂ. ಸಿಲ್ವರ್ ಸಪ್ಪೆಯಾಗಿ ಕಾಣುತ್ತೆ.”

“ಎಷ್ಟು ವರ್ಷಕ್ಕೆ ಸರ್?”

“ನೂರು ವರ್ಷ ಆದ್ರೂ ಮಾಸಲ್ಲ, ನಾನ್ ಗ್ಯಾರಂಟಿ.”

“ಥ್ಯಾಂಕ್ಯೂ ಸರ್.”

ಚಲನ್ ತುಂಬುತ್ತಿದ್ದವರು ಪೆನ್ನು ಎತ್ತಿ ಹಿಡಿದಿದ್ದರು.

“ಅದು ಪತ್ರಿಕೆ ಮೇಲಿನ ಗಣಪತಿಗೆ ಯಾವ ಬಣ್ಣ ಅನ್ನೋ ಮಾತು,” ಅಂದ ಚನ್ನಕೇಶವ. “ಅವತ್ತು ಒಬ್ರು ಮೇಡಂ ಅವ್ರ ಮಗಳ ಮದುವೆ ಪತ್ರಿಕೆ ಮಾಡ್ಸೋಕೆ ಬಂದಿದ್ರು, ಅವ್ರಿಗೆ ಹೇಳಿದ್ದು. ಫೋನು ಕಿವೀಲಿತ್ತು ಅಷ್ಟೇ.” ಹೇಳುತ್ತಲೇ, ಅದನ್ನು ಇನ್ನೊಂದು ಸಲ ಕೇಳಬೇಕು ಅನ್ನಿಸಿತು ಅವನಿಗೆ. ತನ್ನ ದನಿ ಇಷ್ಟು ಗಂಭೀರವಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮುನಿತಾಯಮ್ಮ ಎಲೆಗೆ ಸುಣ್ಣ ಸವರಿದರು. “ಗಣಪತಿಗ್ ಬಣ್ಣ ಬಳಿಯೋ ಮಾತ್ಗೆ ಇಮೆ ಮಾಡೀರಲ್ಲಪ್ಪ. ತೆಗೀರಿ ಅದ್ನ. ನಾಲ್ಕ್ ತಿಂಗ್ಳ್ ದುಡ್ಡೂ ವಾಪಸ್ ಆಕಿ. ಇಲ್ದಿದ್ರೆ ನನ್ ಡೆಪಾಸಿಟ್ಟು ಎದುರ್ಗಡೆ ಬ್ಯಾಂಕ್ಗೆ ಓಯ್ತದೆ.”

ಹತ್ತು ನಿಮಿಷದಲ್ಲಿ ಕೆಲಸವಾಯಿತು. ಚನ್ನಕೇಶವ ಒಂದು ಹಾಳೆಯನ್ನು ಪೂರ್ತಿ ಓದಿ, ಒಂದು ಅಲ್ಪವಿರಾಮ ತಿದ್ದಿಸಿ, ಸಹಿ ಹಾಕಿದ. ವಿಮೆ ರದ್ದಾದ ಸಂದೇಶ ಮೊಬೈಲಿಗೆ ಬಂತು. ಯಂತ್ರ, ಕೊಳಲು, ಮುಂಬೈ ಎಲ್ಲವನ್ನೂ ಒಂದೆಲೆ ಹಾಕುವಷ್ಟರಲ್ಲಿ ಮಣಿಸಿದ ಆ ಮುದುಕಿಯನ್ನು ಅವನು ಗೋಪುರ ನೋಡುವವನ ಹಾಗೆ ತಲೆಯೆತ್ತಿ ನೋಡಿದ. ಅವರು ಕೂತಿದ್ದರು, ಅವನು ನಿಂತಿದ್ದ. ಆದರೂ ತಲೆಯೆತ್ತಿಯೇ ನೋಡಿದ ಹಾಗಿತ್ತು.

ಅಷ್ಟರಲ್ಲಿ ಬಿಂದುಶ್ರೀ ಮುನಿತಾಯಮ್ಮನಿಗೆ ಕಾಫಿ ತಂದು, ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತಳು.

“ಅದೇನವ್ವ ಅದು, ಇಮೆ ಅಂದ್ರೆ?” ಮುನಿತಾಯಮ್ಮ ಲೋಟ ತಗೊಂಡು ಸುಮ್ಮನೆ ಮಾತಿಗೆ ಕೇಳಿದರು.

“ಏನಿಲ್ಲಮ್ಮ. ಅವ್ರು ಕಾರ್ಡಲ್ಲಿ ಏನೇ ಕಟ್ಟಿರ್ಲಿ, ಆಮೇಲೆ ಕೈಕಾಲು ಮುರ್ಕೊಂಡು ಮಲಗಿದ್ರೂ ಬಾಕಿ ನಾವು ಕಟ್ತೀವಿ. ಕಾರ್ಡು ನಿಲ್ಲಲ್ಲ.”

“ಏನೇ ಅಂದ್ರೆ?”

“ಕರೆಂಟ್ ಬಿಲ್ಲು, ಸ್ಕೂಲ್ ಫೀಸು, ಬಾಡಿಗೆ…”

ಮುನಿತಾಯಮ್ಮನ ಲೋಟ ತುಟಿಯ ಹತ್ತಿರ ನಿಂತಿತು. “ಬಾಡ್ಗೆ ಕಾರ್ಡಲ್ಲಿ ಕಟ್ಬೋದಾ?”

“ಪ್ರತಿ ತಿಂಗಳು ಒಂದನೇ ತಾರೀಕು ತಾನಾಗೇ ನಿಮ್ಮ ಅಕೌಂಟಿಗೆ ಬರೋ ಹಾಗೆ ಮಾಡ್ಕೊಡ್ತೀನಮ್ಮ. ನೀವು ಕೇಳೋದೇ ಬೇಡ.”

“ಇವ್ನ್ ಮಲಗಿದ್ರೂ ಬರ್ತದೆ?”

“ಇನ್ಶೂರೆನ್ಸ್ ಇದ್ರೆ ಮೂರು ತಿಂಗಳು ಚಿಂತೆ ಇಲ್ಲಮ್ಮ.”

ಮುನಿತಾಯಮ್ಮ ಬಿಂದುಶ್ರೀಯನ್ನು ಬಹಳ ಹೊತ್ತು ನೋಡಿದರು. ಎಪ್ಪತ್ತೊಂದು ವರ್ಷದಲ್ಲಿ ಅವರು ಯಾರನ್ನಾದರೂ ಬೆರಗಿನಿಂದ ನೋಡಿದ್ದು ಅದೇ ಮೊದಲಿರಬೇಕು. ಆಮೇಲೆ ಹೊರಡಲು ಬಾಗಿಲ ಹತ್ತಿರ ಹೋಗಿದ್ದ ಚನ್ನಕೇಶವನ ಕಡೆ ತಿರುಗಿದರು.

“ಬಾಪ್ಪಾ ಇಲ್ಲಿ. ಬರೋ ತಿಂಗ್ಳಿಂದ ಬಾಡ್ಗೆ ಕಾರ್ಡಲ್ಲೇ ಕಟ್ಬುಡು. ಆ ಇಮೇನೂ ಇರ್ಲಿ.”

“ಅಮ್ಮಾ, ಈಗ ತಾನೇ ತೆಗೆಸಿದ್ವಲ್ಲ.”

“ಆಗ ನಂಗ್ ಗೊತ್ತಿರ್ನಿಲ್ಲ. ಈ ಮಗಾ ಎಷ್ಟ್ ಚೆನ್ನಾಗ್ ಯೋಳ್ತು. ಸಂಪತ್ತು, ನೀನೂ ಕೂತ್ಕ.”

ಸಂಪತ್ ಬಾಗಿಲಾಚೆ ಒಂದು ಕಾಲಿಟ್ಟಿದ್ದ. ಅದನ್ನು ಒಳಗೆ ತೆಗೆದುಕೊಂಡ.

ಚನ್ನಕೇಶವ ಬಿಂದುಶ್ರೀ ಕೊಟ್ಟ ಅರ್ಜಿಯನ್ನು ಪೂರ್ತಿ ಓದಿದ. ಬಾಕಿ ಹೆಚ್ಚಾದಷ್ಟೂ ವಿಮೆಯ ಕಂತು ಹೆಚ್ಚು. ಬಾಡಿಗೆಯೂ ಸೇರುವುದರಿಂದ ಕಂತು ಹಿಂದಿನದಕ್ಕಿಂತ ಎರಡು ಪಟ್ಟು. ಕಾರ್ಡಿನಿಂದ ಬಾಡಿಗೆ ಕಟ್ಟುವುದಕ್ಕೆ ಶುಲ್ಕ ಬೇರೆ. ಅರ್ಜಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ. ಅವನು ಸಹಿ ಹಾಕಿದ.

“ಈ ಸಲ ರೆಕಾರ್ಡಿಂಗ್ ಬೇಡ ಸರ್,” ಅಂದಳು ಬಿಂದುಶ್ರೀ. “ಸಾಕ್ಷಿಗೆ ಅಮ್ಮ ಇದಾರಲ್ಲ.”

ಆಟೋದಲ್ಲಿ ಮುನಿತಾಯಮ್ಮ ನಡುವೆ ಕೂತರು. ಆಚೆಗೊಬ್ಬ ಈಚೆಗೊಬ್ಬ ಬಾಡಿಗೆದಾರರು ಕಂಬಿ ಹಿಡಿದು ಅರ್ಧ ಹೊರಗೇ ಕೂತರು.

“ನೋಡ್ದಾ,” ಅಂದರು ಮುನಿತಾಯಮ್ಮ, “ನೀನೊಬ್ನೇ ಬಂದಿದ್ರೆ ಏನೂ ಆಯ್ತಿರ್ನಿಲ್ಲ.”

“ನಿಜ ಅಮ್ಮ,” ಅಂದ ಚನ್ನಕೇಶವ. ಅದು ಅವನ ಮನಸ್ಸಿನಿಂದಲೇ ಬಂದ ಮಾತಾಗಿತ್ತು.