ಹಲಗೆಯ ಮೇಲೆ ನಾನೇ ಬರೆದ ನಿಯಮ

ವಿಜಯಪುರದ ಒಂದು ಮೆಡಿಕಲ್ ಕಾಲೇಜಿನಲ್ಲಿ, ಹೊರರೋಗಿ ವಿಭಾಗದ ಬಾಗಿಲು ಕಾಯುವ ಅಟೆಂಡರ್ ಆಗಿ ಮೂವತ್ತು ವರ್ಷ ದುಡಿದವನು ನಾನು. ಓದಿದ್ದು ಹೈಸ್ಕೂಲಿನವರೆಗೆ. ಆದರೂ ಟಿಕೋಟಾ, ಬಬಲೇಶ್ವರ, ಮಮದಾಪುರದಿಂದ ಬರುವ ಜನರ ವಿಷಯದಲ್ಲಿ ನಾನೇ ಪ್ರೊಫೆಸರ್ ಎಂದು ನಂಬಿದ್ದೆ. ಹಾಗಾಗಿ ನಿವೃತ್ತನಾದ ಮೇಲೆ ವಿಭಾಗದ ಮುಖ್ಯಸ್ಥೆ ಮೇಡಂ ಫೋನು ಮಾಡಿ, "ಕಾಕಾ, ಹೊಸ ಡಾಕ್ಟರಿಗೆ ತರಬೇತಿ ಇಟ್ಟೇವಿ. ಹೆಣ್ಮಕ್ಕಳು, ಕುರಿ ಕಾಯವ್ರು, ಎಲ್ಲಾ ಜಾತಿ-ಧರ್ಮದವ್ರ ರೀತಿ-ರಿವಾಜ ತಿಳ್ಕೊಂಡು ಸಮನಾಗಿ ಹೆಂಗ ನೋಡಬೇಕಂತ. ನೀವು ಬಂದು ಹೇಳ್ರಿ" ಎಂದಾಗ ಆಶ್ಚರ್ಯವೇ ಆಗಲಿಲ್ಲ. ಇಷ್ಟು ತಡವೇಕೆ ಎಂದಷ್ಟೇ ಅನಿಸಿತು!

ಇಸ್ತ್ರಿ ಅಂಗಿ ತೊಟ್ಟು ಹೋಗಿ ಹಲಗೆಯ ಮೇಲೆ ದಪ್ಪಗೆ ಬರೆದೆ: "ನಿಯಮ ಒಂದು. ರೋಗಿಯ ಮಾತನ್ನು ರೋಗಿಯೇ ಹೇಳಲಿ." ಆಮೇಲೆ ಗಂಭೀರವಾಗಿ ವಿವರಿಸಿದೆ. "ನಮ್ಮ ಕಡೆ ಹೆಣ್ಮಗಳು ದವಾಖಾನಿಗೆ ಬಂದ್ರ ಗಂಡ, ಮೈದುನ, ಬಾಜೂ ಮನಿಯವ ಎಲ್ಲಾರೂ ಉತ್ತರ ಕೊಡ್ತಾರ. ಅಕಿ ಸೆರಗ ಹಿಡಕೊಂಡು ಸುಮ್ಮ ಕೂಡ್ತಾಳ. ಹಿಂದೂ ಇರಲಿ, ಮುಸಲ್ಮಾನ್ರು ಇರಲಿ, ಇದ್ರಾಗ ಭೇದ ಇಲ್ರಿ! ಗಂಡಸರನ್ನ ಹೊರಗ ಹಾಕ್ರಿ."

ಚಪ್ಪಾಳೆ ಬಿತ್ತು.

ಮುಂದೆ ಪ್ರಾತ್ಯಕ್ಷಿಕೆ. ರೋಗಿಯಾಗಿ ಕೂಡಲು ಒಪ್ಪಿದ್ದ ಟಿಕೋಟಾದ ಬೀಬಿಜಾನ್‌ಗೆ ಬಸ್ಸು ತಪ್ಪಿತ್ತು. ನಾನು ಹೆದರುವವನೇ? ನನ್ನ ಭಾಷಣ ಕೇಳಲೆಂದು ಕರೆತಂದಿದ್ದ ಹೆಂಡತಿ ಕಸ್ತೂರಿಯನ್ನೇ ಕುರ್ಚಿಯಲ್ಲಿ ಕೂರಿಸಿದೆ.

ಕೇರಳದಿಂದ ಬಂದ ಹುಡುಗಿ ಡಾಕ್ಟರು ಅರೆಬರೆ ಕನ್ನಡದಲ್ಲಿ ಕೇಳಿದಳು, "ಅಮ್ಮ, ಏನು ತೊಂದರೆ?"

"ಗ್ಯಾಸ್ ಐತ್ರಿ," ಎಂದೆ ನಾನು.

"ಎಷ್ಟು ದಿನದಿಂದ?"

"ಆರ ತಿಂಗಳಾತು. ಮೂರ ಸಲ ಇಲ್ಲೇ ತೋರಿಸೇನಿ. ನಾನ ಹೇಳಿ ಗುಳಿಗಿ ಬರಿಸೇನಿ."

ಹುಡುಗಿ ಹಲಗೆಯ ಕಡೆ ಬೆರಳು ತೋರಿಸಿದಳು. ಅಕ್ಷರ ನನ್ನವೇ!

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಸ್ತೂರಿ ನಗಲಿಲ್ಲ. "ಇವ್ರು ಹೊರಗ ಹೋಗ್ಲಿ, ಹೇಳ್ತೀನಿ," ಎಂದಳು.

"ಹೊರಗ ನಿಂದರ್ರಿ!" ಎಂದು ಎಷ್ಟು ಗಂಡಂದಿರನ್ನು ದೂಡಿದ್ದೆನೋ. ಹೆಂಡತಿಯನ್ನು ತೋರಿಸುವಾಗ ಮಾತ್ರ, ನಾನು ಇಲ್ಲಿಯವನೇ ಎಂದು ಒಳಗೇ ನಿಲ್ಲುತ್ತಿದ್ದೆ. ಈಗ ಬಾಗಿಲು ನನ್ನ ಮೂಗಿನ ಮುಂದೆ ಮುಚ್ಚಿತು.

ಒಳಗಿನಿಂದ ಕಸ್ತೂರಿಯ ದನಿ ಕೇಳುತ್ತಲೇ ಇತ್ತು. ಅವಳು ಅಷ್ಟು ಹೊತ್ತು ಮಾತಾಡಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಇಸಿಜಿ ಯಂತ್ರ ಒಳಗೆ ಹೋಯಿತು. ಅದು ಪ್ರಾತ್ಯಕ್ಷಿಕೆಯಲ್ಲಿ ಇರಲಿಲ್ಲ.

ಮೇಡಂ ಹೊರಬಂದರು. "ಕಾಕಾ, ಮೆಟ್ಟಲ ಹತ್ತಿದ್ರ ಎದಿ ಹಿಚಿಕಿದಂಗ ಆಗಿ, ಎಡಗೈ ಜೋಮ ಹಿಡೀತೈತಂತ. ಇದು ಗ್ಯಾಸ್ ಅಲ್ರಿ, ಹೃದಯದ್ದು. ಇವತ್ತ ಅಡ್ಮಿಟ್ ಮಾಡ್ಬೇಕು. ಮೊದಲ ಬರಬಾರದಾಗಿತ್ತೇನು?"

ಮೊದಲೇ ಬಂದಿದ್ದೆವು. ಮೂರು ಸಲ!

ಗಾಲಿ ಮಂಚದ ಪಕ್ಕ ನಡೆಯುತ್ತ ಕೇಳಿದೆ, "ನನಗ ಯಾಕ ಹೇಳಲಿಲ್ಲ?"

"ಹೇಳಿದ್ನಲ್ರಿ. ನಾ ಎದಿ ಅಂದ್ನಿ, ನೀವು ಗ್ಯಾಸ್ ಅಂದ್ರಿ. ಡಾಕ್ಟರ ಮುಂದ ನಾ ಬಾಯಿ ತೆಗಿಯೂದ್ರಾಗ ನೀವು ಮುಗಿಸೇ ಬಿಟ್ರಿ."

ಸಿಟ್ಟಿಲ್ಲದೆ ಹೇಳಿದಳು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಮರುದಿನ ಮೇಡಂ, ಮುಂದಿನ ತಿಂಗಳೂ ತರಬೇತಿ ಇದೆ ಎಂದರು. ನನಗೆ ನಾಚಿಕೆಯಾದರೂ ಬಾಯಿ ಸುಮ್ಮನಿರಲಿಲ್ಲ. "ಬರ್ತೇನ್ರಿ. ನಿಯಮ ಎರಡು..."

"ನೀವಲ್ಲ ಕಾಕಾ. ಆರಾಮಾದ್ರ ಕಸ್ತೂರಿಯವರು."

ಆರಾಮಾದ್ರ! ಆ ಒಂದು ಶಬ್ದ ಹಿಡಿದು ವಾರ್ಡಿನ ಮುಂದಿನ ಕಾರಿಡಾರಿನಲ್ಲಿ ನಿಂತೆ. ನನ್ನ ಜಾಗಕ್ಕೆ ಬಂದ ಅಟೆಂಡರ್ ದಸ್ತಗೀರ ಓಡಿಬಂದ. "ಕಾಕಾ, ಕಾಕೂಗ ಏನಾಗೇತ್ರಿ?"

ರೂಢಿಯಂತೆ ಬಾಯಿ ತೆರೆಯಿತು. ಕಷ್ಟಪಟ್ಟು ಮುಚ್ಚಿದೆ. "ಒಳಗ ಹೋಗಿ ಅಕಿನ್ನ ಕೇಳಪಾ."

ಅವನು ಹೋದ. ನಾನೂ ಹಿಂದೆಯೇ ಹೆಜ್ಜೆ ಇಟ್ಟೆ. ನರ್ಸ್ ಕೈ ಅಡ್ಡ ಹಿಡಿದಳು.

"ಒಬ್ಬರಿಗಷ್ಟ ಬಿಡ್ತೀವಿ. ಹೊರಗ ನಿಂದರ್ರಿ!"