ಟೀ ಶರ್ಟಿನ ಮೇಲೆ ಇಳಿದ ಭಿನ್ನರಾಶಿ

ತಿರುಪ್ಪೂರಿನಲ್ಲಿ ಟೀ ಶರ್ಟಿಗೆ ಅಚ್ಚು ಹಾಕಿ ಬದುಕುವವನಿಗೆ ನಗಲು ಬೇರೇನೂ ಬೇಡ, ಗಿರಾಕಿಗಳು ಸಾಕು. ಹುಲಿ, ಬುಲೆಟ್ಟು, ಮುರಿದ ಹೃದಯ ಎಲ್ಲ ಹಾಕಿದ್ದೇನೆ. ಗಣಿತ ಹಾಕಿದ್ದು ಒಂದೇ ಸಲ.

೧. ಆರು ಮಹಡಿ

ಪೋತ್ತನೂರಿನಿಂದ ಗಣಿತದ ಪ್ರೊಫೆಸರೊಬ್ಬರು ಬಂದರು. ಮೈಸೂರು ಕಡೆಯವರು. ನಮ್ಮದು ಕನ್ನಡದ ಮನೆ ಎಂದು ಯಾರೋ ಹೇಳಿದ್ದರಂತೆ. ತಾವು ನಿವೃತ್ತರಾಗುವ ದಿನ ವಿದ್ಯಾರ್ಥಿಗಳೆಲ್ಲ ಮೇಷ್ಟರ ಮೆಚ್ಚಿನ ಭಿನ್ನರಾಶಿ ತೊಟ್ಟು ನಿಲ್ಲಬೇಕು, ಅದೊಂದೇ ಅವರ ಆಸೆ. ಗೀಟಿನ ಕೆಳಗೆ ಇನ್ನೊಂದು ಭಿನ್ನರಾಶಿ, ಅದರ ಗೀಟಿನ ಕೆಳಗೆ ಮತ್ತೊಂದು, ಹೀಗೆ ಆರು ಮಹಡಿ. ಕೊನೆಗೆ, ಇದು ಮುಗಿಯುವುದಿಲ್ಲ ಎನ್ನಲು ಮೂರು ಚುಕ್ಕಿ.

"ಕೆಳಗಿಳಿದ ಹಾಗೆ ಅಕ್ಷರ ಸಣ್ಣದಾಗ್ತಾ ಹೋಗ್ಬೇಕು" ಎಂದಿದ್ದರು. ಸಣ್ಣ ಅಕ್ಷರಕ್ಕೆ ಬೈಸಿಕೊಂಡು ಅಭ್ಯಾಸವಿದ್ದ ನಾನು ಎಲ್ಲವನ್ನೂ ಒಂದೇ ಅಳತೆಗೆ ಜೋಡಿಸಿದೆ. ಭಿನ್ನರಾಶಿ ಕುತ್ತಿಗೆಯಿಂದ ಹೊರಟು ಅಂಗಿಯ ಅಂಚು ಮುಟ್ಟಿತು.

ಅವರು ನೋಡಿದರು. "ಅಲ್ರೀ, ಇನ್‌ಶರ್ಟ್ ಮಾಡಿದ್ರೆ ಉತ್ತರಾನೇ ಬದಲಾಗುತ್ತಲ್ಲ!"

೨. ಆಶೀರ್ವಾದ

ಎರಡನೇ ಸಲ ಹೇಳಿದಂತೆಯೇ ಮಾಡಿದೆ. ಅವರು ಅಲ್ಲೇ ತೊಟ್ಟು ನೋಡಿದರು. ಕೊನೆಯ ಮಹಡಿ ಅವರ ಹೊಟ್ಟೆಯ ಇಳಿಜಾರಿನಾಚೆ ಹೋಗಿತ್ತು.

"ಚುಕ್ಕಿ ಬಂದಿದೆಯಾ? ನಂಗೆ ಕಾಣಿಸ್ತಿಲ್ಲ."

ನಾನು ಮಂಡಿಯೂರಿ, ಕನ್ನಡಕ ಏರಿಸಿ, ತಲೆ ಬಗ್ಗಿಸಿ ಹುಡುಕತೊಡಗಿದೆ. ಅಷ್ಟರಲ್ಲಿ ಕಾಫಿ ತಂದ ನನ್ನ ಹೆಂಡತಿ ಯಾರೋ ದೊಡ್ಡವರೆಂದುಕೊಂಡು ಲೋಟ ಕೆಳಗಿಟ್ಟು ನನ್ನ ಪಕ್ಕದಲ್ಲೇ ಕಾಲಿಗೆ ಬಿದ್ದಳು. ಪ್ರೊಫೆಸರು ಗಾಬರಿಯಾದರೂ ಕೈಯೆತ್ತಿದರು.

"ಲೆಕ್ಕ ಚೆನ್ನಾಗಿ ಬರಲಿ ತಾಯಿ."

೩. ಕರೆ

ನೂರಿಪ್ಪತ್ತು ಬಿಳಿ ಅಂಗಿ ಸಿದ್ಧವಾದವು. ಮರುದಿನ ಬೆಳಿಗ್ಗೆಯೇ ಸಮಾರಂಭ. ನಮ್ಮಲ್ಲಿ ಸಿದ್ಧವಾದ ಬಟ್ಟೆಯನ್ನು ಒಂದೊಂದಾಗಿ ನೋಡಿ, ಎಣ್ಣೆಯ ಕಲೆಯಿದ್ದರೆ ಔಷಧಿ ಚಿಮ್ಮಿಸಿ ತೆಗೆಯುವ ತಮಿಳು ಅಕ್ಕ ಒಬ್ಬರಿದ್ದಾರೆ; ಕಲೆಗೆ ಅವರು ಕರೆ ಎನ್ನುತ್ತಾರೆ. ಇಪ್ಪತ್ತು ವರ್ಷದಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಕಲೆಯೂ ಹೊರಗೆ ಹೋಗಿಲ್ಲ. ನಾನು ಊಟ ಮುಗಿಸಿ ಬರುವಾಗ ಬೆವರೊರೆಸಿಕೊಳ್ಳುತ್ತಾ ಕೂತಿದ್ದರು.

"ಏನು ಪ್ರಿಂಟಣ್ಣಾ ಇದು? ಒಂದೊಂದು ಪೀಸಲ್ಲೂ ಮೂರು ಕರೆ, ಅದೂ ಒಂದೇ ಜಾಗದಲ್ಲಿ! ಎಲ್ಲಾ ತೆಗೆದುಬಿಟ್ಟೆ."

ಓಡಿ ಒಂದು ಅಂಗಿ ಬಿಡಿಸಿದೆ, ಮೂರು ಚುಕ್ಕಿಯೂ ಇರಲಿಲ್ಲ. ಪ್ರೊಫೆಸರಿಗಿದ್ದ ಒಂದೇ ಆಸೆಯನ್ನು ನಾವು ತೊಳೆದುಹಾಕಿದ್ದೆವು. ಅಂಗಿ ಒಯ್ಯಲು ಬಂದ ಪ್ರೊಫೆಸರ ಮುಂದೆ ಇಬ್ಬರೂ ತಲೆ ತಗ್ಗಿಸಿ ನಿಂತೆವು.

ಅವರು ಅಂಗಿ ಬಿಡಿಸಿ ಕೊನೆಯ ಮಹಡಿವರೆಗೂ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. "ಇದು ಮುಗಿಯೋದೇ ಇಲ್ಲ ಅಂತ ಮೂವತ್ತು ವರ್ಷ ಪಾಠ ಮಾಡ್ದೆ. ನೀವು ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಟ್ರಲ್ಲಮ್ಮ! ಇರ್ಲಿ ಬಿಡಿ. ನಾಳೆ ಹುಡುಗರ ಕೈಗೆ ಪೆನ್ನು ಕೊಡ್ತೀನಿ. ಚುಕ್ಕಿ ಅವರೇ ಇಟ್ಕೊಳ್ಳಲಿ. ಪಾಠ ನೆನಪಿದೆಯೋ ಇಲ್ಲವೋ ಗೊತ್ತಾಗುತ್ತೆ."

ನನಗೆ ಹೋದ ಜೀವ ಬಂತು. ಅಕ್ಕನಿಗೂ ಧೈರ್ಯ ಬಂತು.

"ಅದರ ಮೇಲೆ ಒಂದು ಗೀಟು, ಒಂದು ಸಣ್ಣ ಒಂದರ ಅಂಕಿ ಇತ್ತು ಸಾರ್. ಅದೂ ಕರೇನೇ ಅಂತ ಸಂದೇಹ ಇತ್ತು. ಪಾವಂ, ಪಾಪ, ಹೋಗ್ಲಿ ಅಂತ ಬಿಟ್ಟೆ."