ಜೊಕಿಮ್ ಪೊರ್ಬುಗಳ ಅಲ್ಯುಮಿನಿಯಂ ಹೆಡ್ಡು

“ಮೂವತ್ತು ವರ್ಷ ಹಬೆಯನ್ನು ಕಟ್ಟಿಹಾಕಿದ ಕೈ ಇದು! ಈ ಅಂಗೈಯಗಲದ ಕಾರಿನ ಹೊಗೆಯನ್ನು ಕಟ್ಟಿಹಾಕ್ಲಿಕ್ಕೆ ನನಗೆ ಮದ್ರಾಸಿನ ಅಪ್ಪಣೆ ಬೇಕಾ?”

ಫಳ್ನೀರಿನ ತಮ್ಮ ಮನೆಯಂಗಳದಲ್ಲಿ ನಿಂತು ಜೊಕಿಮ್ ಪೊರ್ಬುಗಳು ಹೀಗೆ ಗುಡುಗಿದಾಗ ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿಯ ಒಂದು ಸೋಮವಾರ; ಬೆಳಗಿನ ಎಂಟು ಗಂಟೆ. ಎದುರಿಗೆ ಬಾನೆಟ್ ತೆರೆದುಕೊಂಡು ನಿಂತ ಕಾರು. ಅದರ ಪಕ್ಕದಲ್ಲಿ ಕೈಯೊರೆಸಿಕೊಳ್ಳುತ್ತಾ ನಿಂತ ಮಮ್ಮು. ಮಮ್ಮು ಊರಿನ ಮೋಟಾರು ಮೇಸ್ತ್ರಿ. ಹಿಂದೆ ಹಂಚಿನ ಕಾರ್ಖಾನೆಯಲ್ಲಿ ಪೊರ್ಬುಗಳು ಹಬೆ ಯಂತ್ರದ ಫಿಟ್ಟರ್ ಆಗಿದ್ದಾಗ ಇದೇ ಮಮ್ಮು ಅವರ ಕೈಕೆಳಗೆ ಬಾಯ್ಲರಿಗೆ ಸೌದೆ ಒಟ್ಟುತ್ತಿದ್ದವನು. ಒಲೆಗೆ ಬೆಂಕಿ ಹಾಕುತ್ತಿದ್ದವನಿಂದ ಈಗ ಉಪದೇಶ ಕೇಳುವುದೆಂದರೇನು!

ಕಾರು ನಿಜವಾಗಿ ಪೊರ್ಬುಗಳದ್ದಲ್ಲ, ಅವರ ಹೆಂಡತಿಯದ್ದು. ರೊಸಾಲಿನ್ ಬಾಯಿ ಊರಿಗೆಲ್ಲ ಬೇಕಾದ ಸೂಲಗಿತ್ತಿ. ಆಸ್ಪತ್ರೆಯಲ್ಲಿ ಕಲಿತು ಸರ್ಟಿಫಿಕೇಟು ಪಡೆದವರು. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬನ ಹೆಂಡತಿಗೆ ಅವಳಿ ಮಕ್ಕಳ ಹೆರಿಗೆ ಮಾಡಿಸಿದ್ದರು. ಆ ದೊರೆ ಸೀಮೆಗೆ ವಾಪಸು ಹೋಗುವಾಗ ಕಾರನ್ನು ಅವರ ಬಾಗಿಲಿಗೆ ತಂದು ನಿಲ್ಲಿಸಿ ಹಡಗು ಹತ್ತಿದ್ದ. ಹೀಗೆ ರೊಸಾಲಿನ್ ಬಾಯಿಗೆ ಕಾರು ಬಂತು. ಕಾರಿಗೆ ಡ್ರೈವರ್ ಆಗಿ ಪೊರ್ಬುಗಳು ತಮ್ಮನ್ನು ತಾವೇ ನೇಮಿಸಿಕೊಂಡರು.

ಈಗ ಆ ಕಾರು ಕುಡಿದಷ್ಟೂ ನೀರನ್ನು ಬಿಳಿ ಹೊಗೆ ಮಾಡಿ ಹಿಂದಿನಿಂದ ಬಿಡುತ್ತಿತ್ತು.

“ಹೆಡ್ ಗ್ಯಾಸ್ಕೆಟ್ ಹೋಗಿದೆ ಪೊರ್ಬುಳೆ,” ಎಂದ ಮಮ್ಮು. “ಕೆಳಗೆ ಎಂಜಿನ್ ಕಬ್ಬಿಣ, ಮೇಲೆ ಮುಚ್ಚಿದ ಹೆಡ್ಡು ಅಲ್ಯುಮಿನಿಯಂ. ನಡುವೆ ಕೂತದ್ದು ಗ್ಯಾಸ್ಕೆಟ್. ಅದು ಸುಟ್ಟುಹೋದ್ರೆ ನೀರು ಸಿಲಿಂಡರಿಗೆ ನುಗ್ತದೆ. ಮದ್ರಾಸಿಗೆ ಬರೆದ್ರೆ ಎಂಟು ದಿನದಲ್ಲಿ ಇದಕ್ಕೆ ಸರಿಯಾದ್ದು ಬರ್ತದೆ. ತಾಮ್ರದ ಎರಡು ಹಾಳೆ, ನಡುವೆ ಕಲ್ನಾರು. ಅಷ್ಟರವರೆಗೆ ಮುಟ್ಟುದು ಬೇಡ.”

“ಎಂಟು ದಿನ! ನಾನು ಒಂದೇ ದಿನದಲ್ಲಿ ಮಾಡ್ತೇನೆ ನೋಡು.”

“ಅಲ್ಯುಮಿನಿಯಂ ಮೆತ್ತಗೆ ಮಾರಾಯ್ರೆ. ಉಕ್ಕು ತಾಗಿಸಿ ಕೆರೆಯಬೇಡಿ. ಬಿಸಿ ಇರುವಾಗ ಬಿಗಿ ಮಾಡಬೇಡಿ. ಕಬ್ಬಿಣಕ್ಕಿಂತ ಅದು ಜಾಸ್ತಿ ಹಿಗ್ತದೆ...”

“ನನಗೆ ಹಿಗ್ಗುದು ಕುಗ್ಗುದು ಹೇಳಿಕೊಡ್ತೀಯಾ?”

ಮಮ್ಮು ಕೈಯೊರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಜಗಲಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ರೊಸಾಲಿನ್ ಬಾಯಿ ಒಳಗೆ ಹೋದರು. ಹೋಗಿ ಏನು ಮಾಡಿದರೆಂದು ಪೊರ್ಬುಗಳು ವಿಚಾರಿಸಲಿಲ್ಲ. ಯುದ್ಧಕ್ಕೆ ಹೊರಟ ಸೇನಾಪತಿ ಅಡುಗೆಮನೆಯ ಸುದ್ದಿ ಕೇಳುತ್ತಾನೆಯೇ?

ಹೆಡ್ಡು ಬಿಚ್ಚಿದರು. ಅದರ ಅಡಿಗೆ ಹಳೆಯ ಗ್ಯಾಸ್ಕೆಟ್ಟಿನ ಕರಿ ಹತ್ತಿಕೊಂಡಿತ್ತು. ಪೊರ್ಬುಗಳು ಅರ ತೆಗೆದುಕೊಂಡು ಹಂಚಿನ ಅಚ್ಚು ಉಜ್ಜುವಂತೆ ಉಜ್ಜಿದರು. ಕರಿಯೂ ಹೋಯಿತು, ಕರಿಯ ಜೊತೆಗೆ ಅಲ್ಯುಮಿನಿಯಮ್ಮೂ ಹೋಯಿತು! ಕನ್ನಡಿಯಂತಿದ್ದ ಮುಖದ ಮೇಲೆ ಗದ್ದೆಯ ಸಾಲಿನಂಥ ಗೀರುಗಳೆದ್ದವು. “ಅಂಟು ಹಿಡೀಲಿಕ್ಕೆ ಗೀರು ಒಳ್ಳೇದು,” ಎಂದು ಅವರೇ ಒಂದು ಶಾಸ್ತ್ರ ಹೊರಡಿಸಿದರು.

ಮೊದಲ ಗ್ಯಾಸ್ಕೆಟ್ ತಯಾರಾದದ್ದು ಕಾರ್ಖಾನೆಯಿಂದ ತಂದಿಟ್ಟಿದ್ದ ಹಬೆ ಕೊಳವೆಯ ಪ್ಯಾಕಿಂಗ್ ಹಾಳೆಯಿಂದ. ಎರಡೂ ಬದಿಗೆ ಅಗಸೆ ಎಣ್ಣೆಯಲ್ಲಿ ಕಲಸಿದ ಕೆಂಪು ಸಿಂಧೂರದ ಲೇಪ. ಬುಧವಾರ ಮಧ್ಯಾಹ್ನ ಎಂಜಿನ್ ಶುರುವಾಯಿತು. ಪೊರ್ಬುಗಳು ಗೆದ್ದವರಂತೆ ಮೀಸೆಗೆ ಕೈಹಾಕಿದರು. ಮೀಸೆಯ ತುದಿ ಸಿಗುವ ಮೊದಲೇ “ಫಡ್!” ಎಂದಿತು. ಹೆಡ್ಡಿನ ಸಂದಿನಿಂದ ಕೆಂಪು ಪಿಚಕಾರಿ ಚಿಮ್ಮಿ, ತಂತಿಯಲ್ಲಿ ಒಣಗಲು ಹಾಕಿದ್ದ ರೊಸಾಲಿನ್ ಬಾಯಿಯ ನಾಲ್ಕು ಬಿಳಿ ಸೀರೆಗಳ ಮೇಲೆ ಓಕುಳಿಯಾಯಿತು.

ಬಾಯಿ ಹೊರಗೆ ಬಂದು ಸೀರೆ ನೋಡಿದರು, ಗಂಡನನ್ನು ನೋಡಿದರು.

“ಇದನ್ನು ಉಟ್ಟುಕೊಂಡು ನಾನು ಹೆರಿಗೆಗೆ ಹೋದ್ರೆ, ಹೆರುವವಳಿಗಿಂತ ಮೊದಲು ಮನೆಯವರು ಎಚ್ಚರ ತಪ್ತಾರೆ.”

“ಪ್ಯಾಕಿಂಗ್ ಹಾಳೆ ಹಳೇದು ರೊಸಾ. ನನ್ನ ಕೆಲಸದಲ್ಲಿ ತಪ್ಪಿಲ್ಲ.”

“ನಿಮ್ಮ ಕೆಲಸದಲ್ಲಿ ಯಾವಾಗ ತಪ್ಪಿತ್ತು? ತಪ್ಪೆಲ್ಲ ನನ್ನ ಸೀರೆಯದ್ದು. ಅಲ್ಲೇ ನೇತಾಡ್ತಾ ಇತ್ತಲ್ಲ!”

ಪೊರ್ಬುಗಳು ಸೋಲೊಪ್ಪುವ ಜಾತಿಯಲ್ಲ. ಹಾಳೆ ಕೈಕೊಟ್ಟರೆ ತಾಮ್ರ! ಬಚ್ಚಲಿಗೆ ನುಗ್ಗಿದರು. ನೀರು ಕಾಯಿಸುವ ಹಂಡೆಯ ತಾಮ್ರದ ಮುಚ್ಚಳ ಅಗಲವಾಗಿ, ಚಪ್ಪಟೆಯಾಗಿ, ಗ್ಯಾಸ್ಕೆಟ್ ಆಗಲೆಂದೇ ಹುಟ್ಟಿದಂತಿತ್ತು. ಅದನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಮೆತ್ತಗೆ ಮಾಡಿದರು. ಎರಡು ದಿನ ಕೂತು ಸಿಲಿಂಡರಿನ ತೂತು, ನೀರಿನ ತೂತು, ಬೋಲ್ಟಿನ ತೂತು ಎಲ್ಲವನ್ನೂ ಕೂದಲೆಳೆಯೂ ತಪ್ಪದಂತೆ ಕತ್ತರಿಸಿದರು. ಸುಳ್ಳು ಹೇಳಬಾರದು, ಕೆಲಸ ಚಂದವೇ ಆಗಿತ್ತು. ಆದರೆ ಆ ಗೀರುಗಳು? ಅವನ್ನು ಮುಚ್ಚಲು ಪೊರ್ಬುಗಳು ಕಂಡುಹಿಡಿದ ದಿವ್ಯೌಷಧ ಹಲಸಿನ ಮೇಣ! ಹಿತ್ತಲಿನ ಮರದಿಂದ ತೆಗೆದು, ಕಾಯಿಸಿ, ಹೆಡ್ಡಿನ ತುಂಬ ಬಳಿದರು. ಹೆಡ್ಡಿಗೆ ಎಷ್ಟು ಹತ್ತಿತೋ ಅಷ್ಟೇ ಅವರ ಮೀಸೆಗೂ ಹತ್ತಿತು.

ಮರುವಾರದ ಮಂಗಳವಾರ ಬೆಳಿಗ್ಗೆ ಎಂಜಿನ್ ಮತ್ತೆ ಶುರು. ಹೊಗೆಯಿಲ್ಲ! ನೀರು ಸೋರಲಿಲ್ಲ! ಪೊರ್ಬುಗಳು ಅಂಗಳದಲ್ಲೇ ಕಾರನ್ನು ಎರಡು ಸುತ್ತು ಹೊಡೆಸಿದರು.

ಆ ಹೊತ್ತಿಗೇ ಕದ್ರಿಯ ಕಡೆಯಿಂದ ಚೆನ್ನಪ್ಪ ಓಡಿ ಬಂದ. ಹೆಗಲ ಬೈರಾಸಿನಲ್ಲಿ ಮುಖ ಒರೆಸಿಕೊಳ್ಳುತ್ತಾ, “ಬಾಯಮ್ಮಾ, ಮಗಳು ಕುಶಲಾಗೆ ನೋವು ಶುರುವಾಗಿದೆ. ಚೊಚ್ಚಲು. ಅವಳ ಅಮ್ಮ ಇಲ್ಲದ ಮನೆ, ನನಗೆ ಕೈಕಾಲು ಓಡುದಿಲ್ಲ. ಬೇಗ ಬನ್ನಿ!” ಎಂದ.

ರೊಸಾಲಿನ್ ಬಾಯಿ ಚೀಲ ಹಿಡಿದು ಗೇಟಿನ ಕಡೆ ನಡೆದರು.

“ಎಲ್ಲಿಗೆ ನಡೀತೀ? ಕಾರು ರೆಡಿ ಉಂಟು!” ಎಂದರು ಪೊರ್ಬುಗಳು.

“ಚೊಚ್ಚಲು ಹೆರಿಗೆ. ನನಗೆ ಪ್ರಯೋಗ ಮಾಡ್ಲಿಕ್ಕೆ ಪುರುಸೊತ್ತಿಲ್ಲ.”

“ಬಲ್ಮಠದ ಏರನ್ನು ಮೂರನೇ ಗೇರಿನಲ್ಲಿ ಹತ್ತಿಸ್ತೇನೆ. ಇಲ್ಲದಿದ್ರೆ ನನ್ನ ಹೆಸರು ಜೊಕಿಮ್ ಅಲ್ಲ!”

ಚೆನ್ನಪ್ಪ ಆಗಲೇ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಬಾಯಿಯೂ ಹತ್ತಿದರು.

ಬಲ್ಮಠದ ಏರಿನ ಅರ್ಧದವರೆಗೆ ಕಾರು ಮಾತು ಉಳಿಸಿಕೊಂಡಿತು. ಆಮೇಲೆ ಹಲಸಿನ ಹಣ್ಣು ಸುಟ್ಟ ವಾಸನೆ ಬಂತು. “ಯಾರದೋ ಮನೆಯಲ್ಲಿ ಅಡುಗೆ,” ಎಂದರು ಪೊರ್ಬುಗಳು. ವಾಸನೆ ಹೊಗೆಯಾಯಿತು. “ಮಂಜು,” ಎಂದರು. ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ! “ಫಡ್” ಎಂದಾಗ ಮಾತ್ರ ಅವರು ಬಾನೆಟ್ಟಿನ ಕಡೆ ನೋಡಿದರು. ಎಂಜಿನ್ ನಿಂತಿತು. ಕಾರು ಹಿಂದಕ್ಕೆ ಜಾರತೊಡಗಿತು. ಚೆನ್ನಪ್ಪ ಧುಮುಕಿ ಚಕ್ರದ ಹಿಂದೆ ಕಲ್ಲಿಟ್ಟ.

“ಐದೇ ನಿಮಿಷ!” ಎಂದು ಪೊರ್ಬುಗಳು ಸ್ಪ್ಯಾನರ್ ಎತ್ತಿಕೊಂಡರು.

“ನಿಮ್ಮ ಐದು ನಿಮಿಷ ಮಗುವಿಗೆ ಗೊತ್ತುಂಟಾ?” ಬಾಯಿ ಕೆಳಗಿಳಿದು, ಎದುರಿಗೆ ಬಂದ ಜಟಕಾಕ್ಕೆ ಕೈ ಮಾಡಿದರು. ಗಾಡಿ ತಿರುಗಿತು. ಅವರೂ ಚೆನ್ನಪ್ಪನೂ ಹತ್ತಿದರು. ಕುದುರೆ ಏರನ್ನು ಸಲೀಸಾಗಿ ಹತ್ತಿ ಕಣ್ಮರೆಯಾಯಿತು.

ಪೊರ್ಬುಗಳು ಗಾಡಿ ಹೋದ ದಾರಿಯನ್ನೇ ನೋಡಿದರು. ಏನಾದರೂ ಹೆಚ್ಚುಕಡಿಮೆಯಾದರೆ? ಆ ಯೋಚನೆಯನ್ನು ಅವರು ಸಿಟ್ಟಾಗಿ ಮಾರ್ಪಡಿಸಿ ಹೆಡ್ಡಿನ ಮೇಲೆ ತೀರಿಸಿಕೊಂಡರು. ಹೆಡ್ಡು ಕೆಂಡದಂತೆ ಕಾದಿತ್ತು. ಕಾದರೇನು! ಸ್ಪ್ಯಾನರಿನ ಬಾಲಕ್ಕೆ ಎರಡು ಅಡಿ ಉದ್ದದ ಕೊಳವೆ ಸಿಕ್ಕಿಸಿ, ಮೂವತ್ತು ವರ್ಷದ ಹಬೆಯ ಬಲವನ್ನೆಲ್ಲ ಒಟ್ಟುಮಾಡಿ ಎಳೆದರು.

ಪಕ್ಕದ ಚಹಾದಂಗಡಿಯಿಂದ ಜನ ಬಂದು ಸುತ್ತ ನಿಂತರು.

“ಎಂತ ಹೋದದ್ದು ಪೊರ್ಬುಳೆ?” ಎಂದ ಒಬ್ಬ.

“ಹೆಡ್ಡು!”

“ಅದು ನೋಡುವಾಗಲೇ ಗೊತ್ತಾಗ್ತದೆ. ಕಾರಿಗೆ ಎಂತ ಆದದ್ದು?”

ಪೊರ್ಬುಗಳು ಉತ್ತರವಾಗಿ ಇನ್ನೊಂದು ಎಳೆತ ಎಳೆದರು. “ಕಟಕ್!” ಬೋಲ್ಟಿನ ತಲೆ ಕೈಗೆ ಬಂತು, ಬೋಲ್ಟು ಒಳಗೇ ಉಳಿಯಿತು.

ಸಂಜೆ ನಾಲ್ಕು ಗಂಟೆಗೆ ಬಲ್ಮಠದಿಂದ ಫಳ್ನೀರಿಗೆ ಒಂದು ಮೆರವಣಿಗೆ ಹೊರಟಿತು. ಮುಂದೆ ಒಂದು ಜೋಡಿ ಎತ್ತು. ಹಗ್ಗದ ಕೊನೆಯಲ್ಲಿ ಕಾರು. ಕಾರಿನೊಳಗೆ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತ ಜೊಕಿಮ್ ಪೊರ್ಬುಗಳು! ತಿರುವು ಬಂದಾಗ ಕೈ ಹೊರಚಾಚಿ ಸನ್ನೆ ಮಾಡಿದರು. ಎತ್ತು ನಿಧಾನಿಸಿದಾಗ ಹಾರ್ನ್ ಒತ್ತಿದರು. ಎತ್ತಿಗೆ ಹಾರ್ನ್ ಹೊಸದು. ಅದು ಅಲ್ಲೇ ನಿಂತು ಹಿಂದಿರುಗಿ ನೋಡಿತು.

ಹಾಗೆ ನಿಂತಿದ್ದಾಗಲೇ ಹಿಂದಿನಿಂದ ಬಂದ ಜಟಕಾ ಕಾರಿನ ಪಕ್ಕಕ್ಕೆ ನಿಂತಿತು. ಒಳಗೆ ರೊಸಾಲಿನ್ ಬಾಯಿ.

ಪೊರ್ಬುಗಳು ಕಾರಿನಿಂದ ತಲೆ ಹೊರಹಾಕಿದರು. “ಎಂತ ಆಯ್ತು?”

“ಹೆಣ್ಣು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಚೆನ್ನಪ್ಪಣ್ಣ ಮಾತ್ರ ಅಳ್ತಾ ಇದ್ದಾರೆ.”

ಪೊರ್ಬುಗಳು ದೀರ್ಘವಾಗಿ ಉಸಿರು ಬಿಟ್ಟರು. ಉಸಿರು ಬಂದದ್ದೇ ತಡ, ಜಂಬವೂ ವಾಪಸು ಬಂತು. “ಸ್ವಂತ ಕಾರು ಇದ್ದವಳು ಜಟಕಾದಲ್ಲಿ ಹೋಗುದಾ? ಜನ ಎಂತ ಹೇಳ್ತಾರೆ?”

ಬಾಯಿ ಕುದುರೆಯ ಕಡೆ ನೋಡಿ ಹೇಳಿದರು: “ಇದಕ್ಕೂ ಹೆಡ್ಡು ಉಂಟು. ಗ್ಯಾಸ್ಕೆಟ್ ಇಲ್ಲ, ಅಷ್ಟೇ.”

ಮನೆ ಮುಟ್ಟಿದಾಗ ಜಗಲಿಯಲ್ಲಿ ಮಮ್ಮು ಕೂತಿದ್ದ. ಅವನ ತೊಡೆಯ ಮೇಲೆ ಒಂದು ಚಪ್ಪಟೆ ಪೊಟ್ಟಣ. ಮದ್ರಾಸಿನಿಂದ ಬಂದ ಗ್ಯಾಸ್ಕೆಟ್! ಮೊದಲ ದಿನ ಒಳಗೆ ಹೋದ ಬಾಯಿ ಬರೆದದ್ದು ಮದ್ರಾಸಿಗೆ ಕಾಗದ. ಒಂದು ದಿನದ ಕೆಲಸ ಮಾಡುತ್ತಾ ಪೊರ್ಬುಗಳು ಎಂಟು ದಿನ ಕಳೆದಿದ್ದರು.

ಮಮ್ಮು ನಗಲಿಲ್ಲ. ಅವನು ನಕ್ಕಿದ್ದರೆ ಪೊರ್ಬುಗಳಿಗೆ ಜಗಳವಾಡಲಾದರೂ ದಾರಿಯಿರುತ್ತಿತ್ತು. ಅವನು ಹೆಡ್ಡು ಬಿಚ್ಚಿ, ಅದರ ಮೇಲೆ ಉಕ್ಕಿನ ಪಟ್ಟಿಯನ್ನು ನೆಟ್ಟಗೆ ಇಟ್ಟು ಬೆಳಕಿಗೆ ಹಿಡಿದ. ಪಟ್ಟಿಯ ಕೆಳಗಿಂದ ಫಳ್ನೀರಿನ ಆಕಾಶವೇ ಕಂಡಿತು! ಬಿಸಿಯಲ್ಲಿ ಬಿಗಿದು ಹೆಡ್ಡು ಬಾಗಿಹೋಗಿತ್ತು. ಮಮ್ಮು ಅದನ್ನು ದಪ್ಪ ಗಾಜಿನ ಮೇಲೆ ನುಣ್ಣನೆಯ ಪುಡಿ ಹಾಕಿ ಮೂರು ದಿನ ಉಜ್ಜಿ ಸಮ ಮಾಡಿದ. ಮುರಿದ ಬೋಲ್ಟನ್ನು ಕೊರೆದು ತೆಗೆದ. ನಾಲ್ಕನೆಯ ದಿನ ಬೆಳಿಗ್ಗೆ, ಎಲ್ಲ ತಣ್ಣಗಿರುವಾಗ, ಹೊಸ ಗ್ಯಾಸ್ಕೆಟ್ಟಿಗೆ ಕಂಡೂ ಕಾಣದಷ್ಟು ಎಣ್ಣೆ ಸವರಿ ಕೂರಿಸಿದ.

“ಬಿಗಿ ಮಾಡುದು ಹೇಗೆ?” ಎಂದು ರೊಸಾಲಿನ್ ಬಾಯಿ ಕೇಳಿದರು.

“ನಡುವಿನ ಬೋಲ್ಟಿನಿಂದ ಶುರು ಬಾಯಮ್ಮ. ಆಚೆ ಒಂದು, ಈಚೆ ಒಂದು, ಹಾಗೆ ಹೊರಗೆ ಹೋಗುದು. ಒಂದೇ ಸಲ ಅಲ್ಲ, ಮೂರು ಸುತ್ತು. ಸ್ವಲ್ಪ ಸ್ವಲ್ಪ. ಕೈಗೆ ಸಾಕು ಅಂತ ಗೊತ್ತಾಗ್ತದೆ, ಅಲ್ಲಿಗೆ ನಿಲ್ಲಿಸುದು.”

“ಅಂದ್ರೆ ಅವಸರ ಇಲ್ಲ. ಒತ್ತಾಯವೂ ಇಲ್ಲ.”

“ಅಷ್ಟೇ. ನಿಮಗೆ ನಾನು ಎಂತ ಹೇಳುದು?”

ಬಾಯಿ ಸೆರಗು ಸಿಕ್ಕಿಸಿ, ಸ್ಪ್ಯಾನರ್ ತೆಗೆದುಕೊಂಡು ಮೊದಲ ಬೋಲ್ಟಿಗೆ ಕೈ ಹಾಕಿದರು. ಪೊರ್ಬುಗಳು ಬೆನ್ನ ಹಿಂದೆ ನಿಂತರು. ಒಂದು ಸುತ್ತು ಮುಗಿಯುವವರೆಗೆ ಹೇಗೋ ಸಹಿಸಿದರು. ಎರಡನೆಯ ಸುತ್ತಿಗೆ ಕೈ ತುರಿಸಿತು. “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಳಿ! ಅದು ಸಾಲದು ರೊಸಾ! ಕೊಡು ಇಲ್ಲಿ, ನಾನು...”

ರೊಸಾಲಿನ್ ಬಾಯಿ ತಲೆಯೆತ್ತಲೇ ಇಲ್ಲ.

“ಗಂಡಸರು ಹೊರಗೆ ಕೂತುಕೊಳ್ಳಿ. ಬಿಸಿನೀರು ಬೇಕಾದ್ರೆ ಕರೀತೇನೆ.”

ಜೊಕಿಮ್ ಪೊರ್ಬುಗಳು ತೆಪ್ಪಗೆ ಹೋಗಿ ಗೇಟಿನ ಹೊರಗಿನ ಕಟ್ಟೆಯಲ್ಲಿ ಕೂತರು. ಕೂತು ನೋಡುತ್ತಾರೆ, ಪಕ್ಕದಲ್ಲಿ ಮಮ್ಮುವೂ ಬಂದು ಕೂತಿದ್ದಾನೆ! ಅವನಿಗೆ ಐದು ಮಕ್ಕಳು. ಐದು ಹೆರಿಗೆಗೂ ಬಾಯಮ್ಮನೇ ಬಂದದ್ದು. ಆ ಮಾತು ಕಿವಿಗೆ ಬಿದ್ದದ್ದೇ ಅವನ ಕಾಲು ತಾನಾಗಿ ಹೊರಗೆ ನಡೆದಿತ್ತು.